ಒಂದೇ ಕೋಣೆ, ಎಂಟು ಸರದಿ

ಸಭೆಯ ಅಧ್ಯಕ್ಷತೆ ವಹಿಸಿರುವ ದಾತುಕ್ ಯೂ ಅವರೇ, ಪೆನಾಂಗಿನ ಈ ಮಧ್ಯಾಹ್ನದ ಬಿಸಿಲಿಗೂ ಕೋಟು ಬಿಚ್ಚದೆ ಕುಳಿತಿರುವ ಮುಖ್ಯ ಕಚೇರಿಯ ಅತಿಥಿಗಳೇ, ಇಪ್ಪತ್ತೇಳು ವರ್ಷ ನನ್ನನ್ನು ಸಹಿಸಿಕೊಂಡ ಸಹೋದ್ಯೋಗಿಗಳೇ, ಮೀನು ಯಾವಾಗ ಬರುತ್ತದೋ ಎಂದು ಅಡುಗೆಮನೆಯ ಬಾಗಿಲನ್ನೇ ನೋಡುತ್ತಿರುವ ಸಭಿಕರೇ,

ಬೀಳ್ಕೊಡುಗೆಯ ದಿನ ಎಲ್ಲರೂ ಹೊಗಳುತ್ತಾರೆ. ನನ್ನ ಬಗ್ಗೆಯೂ ಈಗ ತಾನೇ ಕೇಳಿದಿರಲ್ಲ, ‘ಅರ್ಧ ಮೆಮೊರಿಯಲ್ಲಿ ಇಡೀ ಕೆಲಸ ಮಾಡಿಸಿದ ಖಾವ್ ತೆಕ್ ಸೆಂಗ್’ ಅಂತ. ಚಪ್ಪಾಳೆಯೂ ಆಯಿತು. ಆ ಕೆಲಸ ಏನು ಎಂದು ಇಲ್ಲಿ ಬಂದಿರುವ ಮನೆಯವರಿಗೆ ಹೇಳಬೇಕಲ್ಲವೇ? ನನ್ನ ಹೆಂಡತಿ ಗೈಕ್ ಹೂನ್ ಇವತ್ತಿಗೂ, ‘ಇವರು ಡಬ್ಬಿ ಮಾಡ್ತಾರೆ’ ಅಂತಲೇ ನೆಂಟರಿಗೆ ಹೇಳುವುದು.

ಡಬ್ಬಿಯೇ ಸರಿ. ಊರಿನ ಮಾಹಿತಿಯೆಲ್ಲ ಅದರೊಳಗಿಂದ ಹಾದುಹೋಗುತ್ತದೆ. ಫೋನಿನ ಮಾತು ಕಾಯಲಾರದು, ಕಾದರೆ ಮಾತು ಮುರಿಯುತ್ತದೆ. ಯಾರೋ ನೋಡುವ ಸಿನಿಮಾ ಸ್ವಲ್ಪ ಕಾಯಬಹುದು. ಹೀಗೆ ಎಂಟು ದರ್ಜೆ. ಹಿಂದೆ ನಾವು ಏನು ಮಾಡುತ್ತಿದ್ದೆವು? ಸರದಿ ಬರುವ ತನಕ ಮಾಹಿತಿ ಕಾಯಲು ಎಂಟು ದರ್ಜೆಗೂ ಎಂಟು ಬೇರೆ ಬೇರೆ ಕೋಣೆ, ಅಂದರೆ ಬೇರೆ ಬೇರೆ ಮೆಮೊರಿ ಕಟ್ಟುತ್ತಿದ್ದೆವು. ಒಂದು ಕೋಣೆ ತುಂಬಿ ತುಳುಕಿ ಮಾಹಿತಿ ಚೆಲ್ಲಿಹೋಗುತ್ತಿತ್ತು, ಉಳಿದ ಏಳು ಖಾಲಿ ಬಿದ್ದಿರುತ್ತಿದ್ದವು. ಡಬ್ಬಿಯೊಳಗಿನ ಎಲೆಕ್ಟ್ರಾನಿಕ್ ಚಿಪ್‌ನ ಅರ್ಧಕ್ಕಿಂತ ಹೆಚ್ಚು ಜಾಗವನ್ನು ಈ ಖಾಲಿ ಕೋಣೆಗಳೇ ನುಂಗುತ್ತಿದ್ದವು.

ಹನ್ನೊಂದು ವರ್ಷದ ಹಿಂದೆ ಮುಖ್ಯ ಕಚೇರಿಯಿಂದ ಕಾಗದ ಬಂತು. ನಾಲ್ಕು ತಿಂಗಳಲ್ಲಿ ಮೆಮೊರಿ ಅರ್ಧ ಮಾಡಿ, ಇಲ್ಲದಿದ್ದರೆ ವಿನ್ಯಾಸ ವಿಭಾಗ ಪೆನಾಂಗಿನಲ್ಲಿ ಇರುವುದಿಲ್ಲ. ಮೂವತ್ತೆರಡು ಜನರ ಅನ್ನದ ಪ್ರಶ್ನೆ. ನಾನು ಕೋಣೆಗಳನ್ನು ಚಿಕ್ಕದು ಮಾಡಿ ನೋಡಿದೆ, ಇನ್ನಷ್ಟು ಚೆಲ್ಲಿತು. ತಲೆ ಕೆಟ್ಟು ಗೊಬ್ಬರವಾಗಿತ್ತು.

ಆಗ ನಮ್ಮ ತಂಡದ ಸಾದಿಯಾ ಏಳು ತಿಂಗಳ ಬಸುರಿ. ಒಂದು ಬೆಳಿಗ್ಗೆ ಸರ್ಕಾರಿ ಕ್ಲಿನಿಕ್ಕಿಗೆ ಹೋಗಿ ಬಂದವರು ಬ್ಯಾಗು ಮೇಜಿನ ಮೇಲೆ ಕುಕ್ಕಿದರು. ‘ಸಾರ್, ಬಸುರಿಯರ ಬೆಂಚು ಭರ್ತಿ, ನಾವು ಹನ್ನೆರಡು ಜನ ಹೊಟ್ಟೆ ಹಿಡ್ಕೊಂಡು ನಿಂತಿದ್ವಿ. ಪಕ್ಕದಲ್ಲೇ ಮುದುಕರ ಬೆಂಚು ಖಾಲಿ. ಕೂರೋಕೆ ಹೋದ್ರೆ ನರ್ಸಮ್ಮ ಗದರಿಸ್ತಾಳೆ! ನಾನೂ ಬಿಡ್ಲಿಲ್ಲ. ಯಾರು ಎಲ್ಲಿ ಕೂತ್ರೆ ನಿಮಗೇನ್ರೀ, ಕೈಲಿರೋ ಚೀಟಿ ನೋಡಿ ಕರೀರಿ ಅಂದೆ’ ಎಂದರು. ಹೇಳಿ, ಹಾಗೇ ನಿಂತುಬಿಟ್ಟರು. ಆಮೇಲೆ ನನ್ನ ಕೈಯಿಂದಲೇ ಪೆನ್ನು ಕಿತ್ತುಕೊಂಡು ಬರೆಯತೊಡಗಿದರು.

ಅಷ್ಟೇ, ಸಭಿಕರೇ. ಎಲ್ಲರಿಗೂ ಒಂದೇ ದೊಡ್ಡ ಕೋಣೆ. ಮಾಹಿತಿ ಎಲ್ಲಿ ಜಾಗ ಇದೆಯೋ ಅಲ್ಲಿ ಕೂರಲಿ. ಎಂಟು ಸರದಿ ಇರುವುದು ಚೀಟಿಯಲ್ಲಿ ಮಾತ್ರ, ಚೀಟಿಗೆ ಎಷ್ಟು ಜಾಗ ಬೇಕು? ‘ಅವಸರದವರೇ ಎಲ್ಲ ಕುರ್ಚಿ ಹಿಡಿದುಬಿಟ್ಟರೆ?’ ಎಂದು ನಾನು ಕೊಂಕು ತೆಗೆದೆ. ‘ಪ್ರತಿ ದರ್ಜೆಗೂ ಎರಡೆರಡು ಕುರ್ಚಿ ಮೀಸಲಿಡಿ ಸಾರ್, ಮಿಕ್ಕಿದ್ದು ಎಲ್ಲರದ್ದು’ ಎಂದರು. ಮೆಮೊರಿ ಅರ್ಧಕ್ಕೆ ಇಳಿಯಿತು. ವಿಭಾಗ ಉಳಿಯಿತು. ನೀವು ಇವತ್ತು ಇಲ್ಲಿ ಊಟಕ್ಕೆ ಕೂತಿದ್ದೀರಿ.

ಹಾಗಾದರೆ ಈ ಉಪಾಯದ ಪೇಟೆಂಟಿನಲ್ಲಿ ನನ್ನ ಹೆಸರೊಂದೇ ಏಕಿದೆ? ಅದಕ್ಕೂ ನನ್ನ ಹತ್ತಿರ ಒಂದು ಉತ್ತರ ಇತ್ತು. ಅರ್ಜಿ ಕಳಿಸುವ ವಾರ ಸಾದಿಯಾ ಬಾಣಂತಿ. ಅವರ ಮನೆಯಲ್ಲಿ ನಲವತ್ನಾಲ್ಕು ದಿನದ ಪಥ್ಯ, ಹೊಸಿಲು ದಾಟುವ ಹಾಗಿಲ್ಲ. ಕಂಡುಹಿಡಿದವರೆಲ್ಲ ಸಹಿ ಹಾಕಬೇಕು, ಗಡುವು ಶುಕ್ರವಾರ. ಹಸಿ ಬಾಣಂತಿಯನ್ನು ಎಬ್ಬಿಸಿ ಕಾಗದಕ್ಕೆ ಸಹಿ ಮಾಡಿಸುವುದು ಯಾವ ಸೀಮೆಯ ಮರ್ಯಾದೆ? ಕಚೇರಿಯಲ್ಲಿ ಎಲ್ಲರೂ ತಲೆಯಾಡಿಸಿದರು. ನಮ್ಮಲ್ಲಿ ಯಾರು ತಾನೇ ಬಾಣಂತನದ ಮುಂದೆ ಬಾಯಿ ತೆಗೆಯುತ್ತಾರೆ? ಗೈಕ್ ಹೂನ್ ಕೂಡ ‘ಒಳ್ಳೆ ಕೆಲಸ ಮಾಡಿದ್ರಿ, ಪಾಪ ಮಲಗಿರ್ಲಿ’ ಎಂದಳು. ಶುಂಠಿ, ಅರಿಶಿನ, ಮಗುವಿಗೊಂದು ಟೋಪಿ ಕಟ್ಟಿಕೊಟ್ಟು ನೋಡಿಕೊಂಡು ಬನ್ನಿ ಎಂದು ಅವಳೇ ಕಳಿಸಿದ್ದು.

ಹೌದು, ಹೋಗಿದ್ದೆ. ಅದೇ ಗುರುವಾರ. ಈ ಭೇಟಿಯ ವಿಷಯ ಹೇಳಬೇಕೆಂದು ಬಂದಿರಲಿಲ್ಲ, ಬಾಯಿಗೆ ಬಂತು. ಸಾದಿಯಾ ಎದ್ದು ಕೂತು ಅನ್ನ ಮೀನು ತಿನ್ನುತ್ತಿದ್ದರು. ‘ನಮ್ಮ ಅರ್ಜಿ ಏನಾಯ್ತು ಸಾರ್?’ ಎಂದು ಕೇಳಿದರು. ‘ನಮ್ಮ’ ಎಂದರು. ಫಾರ್ಮು ನನ್ನ ಜೇಬಿನಲ್ಲೇ ಇತ್ತು, ಪೆನ್ನೂ ಇತ್ತು. ‘ನಡೀತಾ ಇದೆ, ನೀನು ಆರಾಮಾಗಿರಮ್ಮ’ ಎಂದು ಮಗುವಿನ ಕೆನ್ನೆ ಮುಟ್ಟಿ ಎದ್ದು ಬಂದೆ. ಆ ವರ್ಷ ನನ್ನ ಬಡ್ತಿ ಎದುರಿಗಿತ್ತು, ನೋಡಿ. ಬಾಣಂತನ ನನ್ನ ನೆಪ. ಆಸೆಬುರುಕತನ ನನ್ನದು.

ಪ್ರಧಾನ ಎಂಜಿನಿಯರ್ ಹುದ್ದೆಗೆ ಸ್ವಂತ ಹೆಸರಿನ ಪೇಟೆಂಟ್ ಇರಲೇಬೇಕು. ಅದಿಲ್ಲವೆಂದು ಸಾದಿಯಾ ಅವರ ಅರ್ಜಿ ಎರಡು ಸಲ ತಿರಸ್ಕೃತವಾಗಿದೆ. ಎರಡು ಸಲವೂ ಆಯ್ಕೆ ಸಮಿತಿಯಲ್ಲಿ ನಾನು ಇದ್ದೆ. ಎರಡು ಸಲವೂ ಚಹಾ ಕುಡಿಯುತ್ತಾ ಸುಮ್ಮನಿದ್ದೆ. ನಾಚಿಕೆಯಾಗುತ್ತದೆ.

ದಾತುಕ್ ಯೂ ಅವರೇ, ಸೋಮವಾರ ಸಮಿತಿ ಮತ್ತೆ ಸೇರುತ್ತದೆ. ಪೇಟೆಂಟಿಗೆ ಸಾದಿಯಾ ಅವರ ಹೆಸರು ಸೇರಿಸುವ ಅರ್ಜಿಗೆ ಇವತ್ತು ಬೆಳಿಗ್ಗೆ ಸಹಿ ಹಾಕಿದ್ದೇನೆ. ಮೊದಲ ಹೆಸರು ಅವರದು. ನನ್ನದನ್ನು ಇಡುವುದೋ ಬಿಡುವುದೋ ವಕೀಲರು ನೋಡಿಕೊಳ್ಳಲಿ.

ನಿನ್ನೆ ಸಾದಿಯಾಗೆ ಫೋನು ಮಾಡಿ, ತಪ್ಪು ನನ್ನದು, ನಿಮ್ಮ ಹೆಸರು ಸೇರಿಸುತ್ತೇನೆ ಎಂದೆ. ಕ್ಷಮಿಸಿದೆ ಎಂದು ಅವರು ಅನ್ನಲಿಲ್ಲ, ನಾನೂ ಕೇಳುವ ಧೈರ್ಯ ಮಾಡಲಿಲ್ಲ. ಕೊನೆಗೆ ಒಂದೇ ಮಾತು: ‘ಫೋನಲ್ಲಿ ಯಾರು ಬೇಕಾದ್ರೂ ಹೇಳ್ತಾರೆ ಸಾರ್. ನಾಳೆ ಎಲ್ಲರ ಮುಂದೆ ಹೇಳಿ, ನಾನು ಕೂತು ಕೇಳ್ತೀನಿ.’

ಆರನೇ ಮೇಜಿನಲ್ಲಿ ಕೂತಿದ್ದಾರೆ. ಕೇಳಿದ್ದಾರೆ. ನೀವೂ ಇಷ್ಟು ಹೊತ್ತು ಕೇಳಿದಿರಿ, ಉಪಕಾರವಾಯಿತು. ದಯವಿಟ್ಟು ನನಗೆ ಚಪ್ಪಾಳೆ ತಟ್ಟಬೇಡಿ. ನಮಸ್ಕಾರ.