ಸತ್ತದ್ದು ಹನ್ನೊಂದೇ

ಶರಣರೇ, ಲಗಮವ್ವ ಎಂಬ ಹೆಣ್ಣುಮಗಳೊಬ್ಬಳ ಸಂಗತಿ ಹೇಳುತ್ತೇನೆ, ಕೇಳಿ. ಗಂಡ ತೀರಿಕೊಂಡ ಮೇಲೆ ನಲವತ್ತು ಕುರಿಗಳ ಹಿಂಡನ್ನು ತಾನೊಬ್ಬಳೇ ಕಾಯುತ್ತಿದ್ದಳು. ಅವೇ ಅವಳ ಹೊಲ, ಅವೇ ಅವಳ ಬಳಗ.

ಒಂದು ಮುಂಜಾನೆ ಬೇವಿನ ನೆರಳಲ್ಲಿ ಕೂತವಳಿಗೆ ಕಣ್ಣು ಹತ್ತಿತು. ಎಷ್ಟು ಹೊತ್ತು? ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು. ಅಷ್ಟರಲ್ಲಿ ಕುರಿಗಳು ಪಕ್ಕದ ಹೊಲಕ್ಕೆ ನುಗ್ಗಿದ್ದವು. ಅಲ್ಲಿ ಜೋಳ ಕೊಯ್ದ ಮೇಲೆ ಒಡೆದಿದ್ದ ಎಳೆಯ ಕುಡಿ. ನೋಡಲು ಹಸಿರು, ಹಸಿದ ಕುರಿಗೆ ವಿಷ. ಒಂದರ ತಲೆಯನ್ನು ತೊಡೆಯ ಮೇಲಿಟ್ಟುಕೊಳ್ಳುವಷ್ಟರಲ್ಲಿ ಇನ್ನೊಂದು ಬೀಳುತ್ತಿತ್ತು. ಹೀಗೆ ಹನ್ನೊಂದು ಬಿದ್ದವು.

ಸರಕಾರದ ಪರಿಹಾರ ಉಂಟು. ಆದರೆ ದನದ ಡಾಕ್ಟರು ಬಂದು ಹೆಣ ನೋಡಬೇಕು, ಪಂಚನಾಮೆಗೆ ಊರವರು ಸಾಕ್ಷಿ ಹಾಕಬೇಕು. ಡಾಕ್ಟರಿಗಿಂತ ಮೊದಲು ಬಂದವನು ಯಾರು? ಊರಿನ ಸಾಹುಕಾರ.

"ಯವ್ವಾ, ಇಪ್ಪತ್ತು ಸತ್ತಾವ ಅಂತ ಹೇಳು. ಒಂಬತ್ತರ ರೊಕ್ಕ ನನಗ ಕೊಡು. ಹೊಲಕ್ಕ ನುಗ್ಗಿದ್ದು ಬಾಯಿ ಬಿಡಬ್ಯಾಡ, ಯಾವುದೋ ಬ್ಯಾನಿ ಬಂತು ಅನ್ನು. ಡಾಕ್ಟರ್‌ನ ನಾ ನೋಡ್ಕೋತೀನಿ."

"ಸತ್ತದ್ದು ಹನ್ನೊಂದ್ರೀ, ಸಾವ್ಕಾರ್ರ."

"ಸರಕಾರದ್ದು ಹೋದ್ರ ನಮ್ಮಪ್ಪಂದೇನ ಹೋಗತೈತಿ?"

"ಸತ್ತ ಸಂಕಟನ ನನಗ ಸಾಕಾಗೇತಿ. ಇಲ್ಲದ ಒಂಬತ್ತು ಕುರೀನ ನನ್ನ ಬಾಯಿಂದ ಸಾಯಿಸಬ್ಯಾಡ್ರಿ."

"ಹಂಗಾರ ಸಹಿ ಯಾರು ಹಾಕ್ತಾರ, ನೋಡೇಬಿಡ್ತೀನಿ."

ನೋಡಿ, ಮಧ್ಯಾಹ್ನ ಡಾಕ್ಟರು ಬಂದಾಗ ಊರೇ ನೆರೆದಿತ್ತು. "ಸಾಕ್ಷಿ ಯಾರು ಹಾಕ್ತೀರಿ?" ಎಂದು ಕೇಳಿದರು. ಒಬ್ಬ ತನ್ನ ಚಪ್ಪಲಿ ನೋಡಿಕೊಂಡ. ಒಬ್ಬನಿಗೆ ಎಮ್ಮೆಗೆ ನೀರು ಕುಡಿಸುವುದು ನೆನಪಾಯಿತು. ಅವರೇನು ಕೆಟ್ಟವರೇ? ಅಲ್ಲ. ಅವಳ ಮನೆಯ ಮಜ್ಜಿಗೆ ಕುಡಿದವರೇ. ಆದರೆ ಸಾಹುಕಾರ ಅಲ್ಲೇ ನಿಂತಿದ್ದ.

"ಹೆಂಗ ಸತ್ತುವು?" ಎಂದು ಡಾಕ್ಟರು ಕೇಳಿದರು.

ಹೊಲದ ಒಡತಿ ನಿಂಬೆವ್ವ ಕೈಯಲ್ಲಿ ಬಡಿಗೆ ಹಿಡಿದು ಎದುರಿಗೇ ನಿಂತಿದ್ದಳು. ನಿಜ ಹೇಳಿದರೆ ಹೊಲ ಮೇಯ್ದದ್ದಕ್ಕೆ ತಾನೇ ಅವಳಿಗೆ ದಂಡ ಕಟ್ಟಬೇಕಾದೀತು, ಅದು ಲಗಮವ್ವನಿಗೆ ಗೊತ್ತಿತ್ತು. ಆದರೂ ತಲೆ ಎತ್ತಿದಳು.

"ಈಕಿ ಹೊಲದಾಗ ಜೋಳದ ಕುಡಿ ತಿಂದು ಸತ್ತುವ್ರಿ. ನನ್ನ ಕಣ್ಣು ಹತ್ತಿತ್ತು, ತಪ್ಪು ನಂದ. ಸಹಿ ಸಿಗದಿದ್ರ ಬ್ಯಾಡ. ಹನ್ನೊಂದನ್ನೂ ನಾನ ತೆಗ್ಗು ತೋಡಿ ಹುಗೀತೀನಿ. ಹನ್ನೆರಡು ಅಂತ ಮಾತ್ರ ನನ್ನ ಬಾಯಾಗ ಬರೂದಿಲ್ಲ!"

ನಿಂಬೆವ್ವ ಬಡಿಗೆ ನೆಲಕ್ಕೆ ಊರಿ ಮುಂದೆ ಬಂದಳು.

"ಹೊಲದಿಂದ ಇವನ್ನ ಹೊಡದು ಹೊರಗ ಹಾಕಿದಾಕಿ ನಾನು. ಬಿದ್ದವನ್ನ ಎಣಿಸೀನಿ, ಹನ್ನೊಂದ ಅದಾವ. ತರ್ರಿ ಕಾಗದ."

"ನಿಂಬೆವ್ವಾ, ವಿಚಾರ ಮಾಡು," ಎಂದ ಸಾಹುಕಾರ.

"ಹೆಬ್ಬೆಟ್ಟು ನಂದೈತ್ರಿ. ಕುಡಿ ತಿಂದ ಜಗಳ ನನಗೂ ಆಕೀಗೂ ಐತಿ, ಅದನ್ನ ನಾಳೆ ಮಾಡ್ತೀವಿ!"

ಅವಳು ಒತ್ತಿದ ಮೇಲೆ, ಚಪ್ಪಲಿ ನೋಡುತ್ತಿದ್ದವನೂ ಬಂದು ಸಹಿ ಹಾಕಿದ. ಹನ್ನೊಂದಕ್ಕೇ ಪರಿಹಾರ ಬಂತು. ಆ ವರ್ಷ ಸಾಹುಕಾರ ಕಾಳು ಕೊಟ್ಟು, ಗೊಬ್ಬರಕ್ಕೆಂದು ಅವಳ ಹಿಂಡನ್ನು ರಾತ್ರಿ ತನ್ನ ಹೊಲದಲ್ಲಿ ತರುಬಲು ಕರೆಯಲಿಲ್ಲ. ಲಗಮವ್ವ ಅವನ ಬಾಗಿಲಿಗೆ ಹೋಗಿ ಕೇಳಲೂ ಇಲ್ಲ.

ಈಗ ಹೇಳಿ, ಆ ಗುಂಪಿನಲ್ಲಿ ನೀವು ಎಲ್ಲಿ ನಿಂತಿದ್ದೀರಿ? ನಾಳೆ ನಿಮ್ಮ ಓಣಿಗೂ ಅಧಿಕಾರಿ ಬರುತ್ತಾನೆ. ಬಿದ್ದ ಗೋಡೆ, ಸತ್ತ ಎಮ್ಮೆ ನೋಡುತ್ತಾನೆ. ಒಂದನ್ನು ಎರಡು ಮಾಡಿ ಬರೆಸಬೇಡಿ. ಬರೆಸು ಎಂದವನು ಎಷ್ಟೇ ದೊಡ್ಡವನಿರಲಿ, ಬರೆಸಬೇಡಿ! ಪಕ್ಕದ ಮನೆಯವರೊಡನೆ ಮಾತು ಬಿಟ್ಟಿದ್ದೀರಾ? ಬೇಕಾದರೆ ಬಿಟ್ಟೇ ಇರಿ. ಆದರೆ ಅವರ ನಷ್ಟ ನಿಜವಾಗಿದ್ದರೆ ಕರೆಯುವ ಮೊದಲೇ ಹೋಗಿ ಸಾಕ್ಷಿ ಹಾಕಿ. ದಿನಾ ಹಣೆಗೆ ವಿಭೂತಿ ಹಚ್ಚುವ ಕೈ ಅದು. ನಿಜದ ಕಾಗದ ಕಂಡಾಗ ಆ ಕೈ ಬೆನ್ನ ಹಿಂದೆ ಸರಿದರೆ, ಹಣೆಯ ಮೇಲಿರುವುದು ಬರೀ ಬೂದಿ.