ತಿರುವಿ ಕೂಡಿಸಿದ ತಲಬಾಗಿಲು

ಮಹಾರಾಷ್ಟ್ರದ ಗಡಿಯೂರು ಉಮದಿಯಲ್ಲಿ ಆ ಸಂಜೆ ಹಿಡಿದ ಮಳೆ ಬಿಡಲೇ ಇಲ್ಲ. ವರ್ಷವಿಡೀ ಮುಗಿಲು ನೋಡಿಸುವ ಊರಿನಲ್ಲಿ ಒಮ್ಮೆ ಸುರಿದರೆ ಹಾದಿ ಯಾವುದು, ಹಳ್ಳ ಯಾವುದು ತಿಳಿಯುವುದಿಲ್ಲ. ಕರೆಂಟು ಹೋಗಿತ್ತು. ಓಣಿಯವರು ಮಕ್ಕಳನ್ನು ಕಟ್ಟಿಕೊಂಡು ಕುರಿಕಾರ ವಿಠೋಬಜ್ಜನ ಪಡಸಾಲೆಯಲ್ಲಿ ಸೇರಿದ್ದರು. ಅಷ್ಟು ಖರ್ಚು ಮಾಡಿ ಹೊಸದಾಗಿ ತೆರೆದ, ಊರಿನ ಹಳೆಯ ವಸ್ತುಗಳ ಸಂಗ್ರಹಾಲಯಕ್ಕೆ ಮತ್ತೆ ಯಾಕೆ ಕೀಲಿ ಬಿತ್ತು ಎಂದು ಯಾರೋ ಕೇಳಿದರು. ಎಲೆಗೆ ಸುಣ್ಣ ಸವರುತ್ತಿದ್ದ ಅಜ್ಜ ಕೈ ನಿಲ್ಲಿಸಿದ.

"ಒಳಗ ಸರೀರಿ. ಹುಡುಗ್ರನ್ನ ನಡುವ ಕುಂದ್ರಿಸ್ರಿ... ಗದ್ಲಾ ಮಾಡಿದ್ರ ನಾ ಹೇಳಾಂವಲ್ಲ, ಕಂಬಳಿ ಹೊತ್ಕೊಂಡು ಮಲಗ್ತೀನಿ, ಆಮ್ಯಾಲ ನಿಮ್ಮ ಮೊಬೈಲನ್ನಽ ಕೇಳ್ಕೋರಿ.

"ಶಾಂತಾದೇವಿ ಅಂದ್ರ ನಿಮಗೆಲ್ಲಾ ಕಿರಾಣಿ ಅಂಗಡಿ ಆಯಿ, ಹೌದಲ್ಲೊ? ಆಕೀ ಅತ್ತಿ ಗೌರವ್ವಗ ಮದಲ ಒಂದು ಹೆಣ್ಣುಕೂಸು ಇತ್ತು, ಸಿದ್ದವ್ವ ಅಂತ. ಇನ್ನೂ ಸಾಲಿ ಮುಖಾ ನೋಡಿದ್ದಿಲ್ಲ, ಜ್ವರಾ ಬಂದು ಹೋತು. ಹೋದದ್ದು ಕೆಟ್ಟ ನಕ್ಷತ್ರದಾಗ. ಅಂಥಾ ಹೆಣಾ ತಲಬಾಗಲದಿಂದ ಒಯ್ಯಂಗಿಲ್ಲ, ಒಯ್ದ್ರ ಜೀವ ಅದಽ ಹಾದಿ ಹಿಡದು ಹೊಳ್ಳಿ ಬರತೈತಿ ಅಂತಾರ. ಅದಕ್ಕ ಹಿತ್ತಲ ಗ್ವಾಡಿ ಒಡದು ಒಯ್ದ್ರು, ಒಯ್ದು ಮತ್ತ ಗ್ವಾಡಿ ಕಟ್ಟಿಬಿಟ್ರು. ಆದ್ರ ಕೂಸಿಗಿ ಗ್ವಾಡಿ ಏನ ಗೊತ್ತರಿ? ಅದು ತನಗ ಗೊತ್ತಿದ್ದ ಬಾಗಲಕ್ಕಽ ಬಂತು...

"ದೀಪಾ ಹಚ್ಚೂ ಹೊತ್ತಿಗಿ ಹೊರಗ ನಿಂತು ಬಾಗಲಾ ಕೆರೀತಿತ್ತು. 'ಯವ್ವಾ, ಬರ್ಲ್ಯಾ?' ಅಂತಿತ್ತು. ಒಳಗಿನವರು ಯಾರಾರ 'ಬಾ' ಅಂದ್ರ ಮುಗೀತು, ಬರತೈತಿ. ಬಂದದ್ದು ಒಂದಽ ಹೋಗಂಗಿಲ್ಲ, ಆಡಾಕ ಜೊತಿಗಿ ಮನ್ಯಾಗಿನ ಇನ್ನೊಂದು ಕೂಸನ್ನ ಕರಕೊಂಡು ಹೋಗತೈತಿ ಅಂತ ಹಿರೇರು ಹೇಳಿದ್ರು. ತೊಟ್ಟಲದಾಗ ಮಗಾ ಈಶ್ವರ ಇದ್ದ, ಮುಂದ ಶಾಂತಾದೇವಿ ಗಂಡ ಆದಾಂವ. ಗೌರವ್ವ ಬಾಗಲಾ ಹಾಕಿ, ಅಗಳಿಗಿ ಬೆನ್ನ ಹಚ್ಚಿ, ಸೆರಗ ಬಾಯಾಗ ತುರಕೊಂಡು ಅಳತಿದ್ಲು. ಆದ್ರ 'ಬಾ' ಅನಲಿಲ್ಲ. ಹೆತ್ತಾಕಿ ಹೆಂಗ ತಡಕೊಂಡ್ಲೋ... ಅವತ್ತಿಂದ ಆ ಮನ್ಯಾಗ ಬೀಗರು ಬರಲಿ, ಸ್ವಾಮಿಗಳು ಬರಲಿ, ಬಾಯಿಲೆ 'ಬರ್ರಿ' ಅನ್ನೂದಿಲ್ಲ. ಕೈ ಮಾಡಿ ಕರೀತಾರ. ಜನಾ ಅದಕ್ಕ ಸೊಕ್ಕು ಅಂದ್ರು.

"ಗೌರವ್ವ ಹೋದ್ಲು, ಈಶ್ವರನೂ ಹೋದ. ಶಾಂತಾದೇವಿ ಮಗನ ಸಂಗಾಟ ಹಳೇ ಮನಿ ಕೆಡವಿ ಸ್ಲ್ಯಾಬಿನ ಮನಿ ಕಟ್ಟಿದ್ಲು. ಅದಽ ವ್ಯಾಳ್ಯಾದಾಗ ಸೋರೂ ಸಂಗ್ರಹಾಲಯಾನ ಹೊಸಾದು ಮಾಡಾಕ ಹತ್ತಿದ್ರು. ಅದರ ಅಧ್ಯಕ್ಷ ಅಣ್ಣಾರಾಯ ಬಂದು, 'ವೈನಿ, ನಿಮ್ಮ ತಲಬಾಗಲಾ ಕೊಡ್ರಿ, ಎಂಥಾ ಕೆತ್ತನಿ ಐತಿ' ಅಂದ. ಆಕಿ ವಿಚಾರ ಮಾಡಿದ್ಲು... ಅಲ್ಲಿ ಯಾರು ಸಂಸಾರ ಮಾಡ್ತಾರ? ಬೀಸುಕಲ್ಲು, ಹಳೇ ಡೊಳ್ಳು, ನಮ್ಮಪ್ಪನ ಹರಕ ಕಂಬಳಿ, ಇವಕ್ಕ ಯಾವ ಅಂಜಿಕಿ? ಕೊಟ್ಲು.

"ಈಗ ತಪ್ಪ ಎಲ್ಲಾತು ಕೇಳ್ರಿ. ಮನಿ ಬಾಗಲಾ ಒಳಗ ತೆರೀತೈತಿ. ಜನಾ ಸೇರೂ ಜಾಗಾದಾಗ ಬಾಗಲಾ ಹೊರಗ ತೆರೀಬೇಕಂತ, ಬೆಂಕಿ ಬಿದ್ರ ಓಡಾಕ. ಗುತ್ತಿಗಿದಾರ ಏನ್ ಮಾಡಿದ? ಚೌಕಟ್ಟನ್ನಽ ಹಿಂದ ಮುಂದ ತಿರುವಿ ಕೂಡಿಸಿದ. ಕೆತ್ತನಿ ಒಳಗ ಹೋತು, ಅಗಳಿ ಓಣಿ ಕಡೆ ಬಂತು. ಚಲೋನಽ ಆತು, ಮಳಿಗಿ ಕೆತ್ತನಿ ಕೆಡಂಗಿಲ್ಲ ಅಂದ್ರು! ಯಾರಿಗೂ ತಿಳೀಲಿಲ್ಲ... ಆ ಬಾಗಲಕ್ಕ ಈಗ ಓಣಿನಽ ಮನಿ. ಸಂಗ್ರಹಾಲಯ ಹೊರಗ.

"ತೆರೆಯೂ ದಿನಾ ಊರೆಲ್ಲಾ ಸೇರಿತ್ತು. ಮರಾಠ್ಯಾಗ ಭಾಷಣಾ, ಆಮ್ಯಾಲ ಚಾ, ಚುರಮುರಿ. ಶಾಂತಾದೇವಿ ಮೊಮ್ಮಗಳು ಉಮಾಶ್ರೀ ಹಸರ ಫ್ರಾಕ್ ಹಾಕ್ಕೊಂಡು ಎಲ್ಲಾ ಕಡೆ ಓಡ್ಯಾಡತಿತ್ತು. ಆ ಕೂಸಂದ್ರ ಆಕೀಗಿ ಪಂಚಪ್ರಾಣ. ಸಂಜಿ ಆತು, ಜನಾ ಚದರಿದ್ರು, ಕೀಲಿ ಹಾಕೂ ಕೆಲಸಾ ಆಕೀಗಿ ಬಂತು. ಓಣ್ಯಾಗ ನಿಂತು ಒಳಗ ಇಣಿಕಿದ್ಲು. ಬೀಸುಕಲ್ಲಿನ ಬಾಜೂಕ ಒಂದು ಹುಡುಗಿ ಬೆನ್ನ ಮಾಡಿ ಕುಂತಿತ್ತು. ಮಬ್ಬುಗತ್ತಲಿ, ಮುಖಾ ಕಾಣ್ಲಿಲ್ಲ.

"'ಉಮೀ, ಕತ್ತಲಾತು, ನಡಿ' ಅಂದ್ಲು.

"ಅದು ತಿರಗಲಿಲ್ಲ. 'ಬರ್ಲ್ಯಾ?' ಅಂತು.

"'ಬಾ ಅಂದ್ರ ಬಾ, ಲಗೂನ!'

"ಬಂತು. ಬಂದು ಕೈ ಹಿಡೀತು. ತಣ್ಣಗಿನ ಕೈ, ಹಸಿ ಮಣ್ಣು ಹಿಡದಂಗ. ಶಾಂತಾದೇವಿ ಬಾಗಲಾ ಹಾಕಿ ಅಗಳಿ ಜಗ್ಗಿದ್ಲು... ಅಲ್ಲೇ ನಿಂತ್ಲು. ಮದಿವ್ಯಾಗಿ ಬಂದಾಗಿಂದ ಆ ಅಗಳಿ ಜಗ್ಗಿದ್ದು ಮನಿ ಒಳಗ ನಿಂತು. ಇವತ್ತ ಓಣ್ಯಾಗ ನಿಂತು ಜಗ್ಗಾಕ ಹತ್ತೀನಿ ಅಂತ ಆಗ ಹೊಳೀತು. ತಲಿ ಎತ್ತಿದ್ರ ಎದುರಿಗಿ ಮಗಾ ಬರಾಕ ಹತ್ತಿದ್ದ, ಬಗಲಾಗ ಉಮಾಶ್ರೀನ ಎತ್ಕೊಂಡು!

"ಆಕಿ ಕೆಳಗ ನೋಡಲಿಲ್ಲ. 'ಹತ್ರ ಬರಬ್ಯಾಡೋ! ಈಗಿಂದೀಗ ಹೆಂಡ್ತಿ ಮಕ್ಕಳನ್ನ ಕರಕೊಂಡು ಜತ್ತ ಊರಿಗಿ ಹೋಗು, ನನ್ನ ಮನಿ ಹೊಸ್ತಲಾ ತುಳೀಬ್ಯಾಡ' ಅಂತ ಚೀರಿದ್ಲು. ಮಗಾ ಸಿಟ್ಟಾಗಿ ಹೋದ. ಆಮ್ಯಾಲ ಫೋನಿನ್ಯಾಗ ಉಮಾಶ್ರೀ, 'ಆಯಿ, ನಾ ಬರ್ಲ್ಯಾ?' ಅಂತ ಕೇಳಿದ್ರ ಸಾಕು, ಫೋನ್ ಕಡದು ಅಳತಿದ್ಲು.

"ಆಕಿ ಹೇಳಿದ್ದನ್ನ ಅಣ್ಣಾರಾಯ ಕೇಳಿ ಮದಲ ನಕ್ಕ. ಆಮ್ಯಾಲ ಬಾಗಲದ ಒಳಮೈ, ಆ ಕೆತ್ತನಿ ಇದ್ದ ಕಡೆ, ನೋಡಿದ. ಸಣ್ಣ ಉಗರಿನ ಗೀರು... ಹಳೇವೂ ಇದ್ದು, ಹಸೇವೂ ಇದ್ದು. ಅವತ್ತಽ ಕೀಲಿ ಹಾಕಿದ. ಆದ್ರ ಹಾಕಿ ಏನ್ ಉಪಯೋಗ? ಬರೂದು ಬಂದಾಗಿತ್ತು.

"ಶಾಂತಾದೇವಿ ಅದನ್ನ ತನ್ನ ಹತ್ರನಽ ಇಟಗೊಂಡ್ಲು. ಸಂಜಿಗಿ ಬಾಗಲಾ ಮುಚ್ಚಿ, ಯಾರಿಗೋ ಉಣ್ಣಸತಿದ್ಲು, ಯಾರಿಗೋ ಹೆರಳ ಹಾಕತಿದ್ಲು. ಮೊಮ್ಮಗಳ ತಂಟಿಗಿ ಹೋಗಲಾರದಂಗ ತಾನಽ ಜೊತಿ ಆದ್ಲು. ಹೋದ ವಾರ ಆಕೀನ್ನೂ ಮಣ್ಣ ಮಾಡಿ ಬಂದ್ವಿ. ಮನಿಗಿ ಕೀಲಿ ಬಿದ್ದೈತಿ...

"ಮತ್ತ ಅದು ಎಲ್ಲಿ ಹೋಗಬೇಕರಿ? ಊರೆಲ್ಲಾ ಅದರ ಮನಿನಽ ಆತಲ್ಲ ಈಗ. ಯಾರ ಬಾಗಲದಾಗೂ ನಿಂತು ಕೇಳೂದು ಉಳೀಲಿಲ್ಲ."

ಮಳೆ ಜೋರಾಯಿತು. ಅಜ್ಜ ಕಂದೀಲು ಸ್ವಲ್ಪ ಎತ್ತಿ ಹಿಡಿದು ಹಿಂದಿನ ಗೋಡೆಗೆ ಒರಗಿ ಕೂತ ಓಣಿಯ ಹೆಣ್ಣುಮಗಳ ಕಡೆ ನೋಡಿದ.

"ಕಾಜಲ್, ನಿನ್ನ ಮಗಳು ನಿನ್ನ ತೊಡಿಮ್ಯಾಲ ಮಲಗೇತಿ, ಹೌದಲ್ಲವಾ?... ಅದರ ಕೈ ಹಿಡಕೊಂಡು ಬಾಜೂಕ ಕುಂತದ್ದು ಯಾರ ಕೂಸು?"