ರಕ್ಕಸನ ಹನ್ನೆರಡು ಹಲ್ಲು

ಬನ್ನಿ, ಹತ್ತಿರ ಬನ್ನಿ. ಹಿಂದೆ ಕೂತೋರು ಸ್ವಲ್ಪ ಮುಂದೆ ಸರೀರಿ, ನನ್ನ ಗಂಟಲು ಮೊದಲಿನಂಗಿಲ್ಲ. ಹೂಂಗುಟ್ಟೋರು ಯಾರು? ನೀನಾ ತಾಯಿ? ಸರಿ. ನೀನು ಹೂಂ ಅನ್ನೋದು ನಿಲ್ಲಿಸಿದ್ರೆ ನಾನೂ ಕಥೆ ನಿಲ್ಲಿಸ್ತೀನಿ.

ಒಂದಾನೊಂದು ಕಾಲ. ಎಷ್ಟು ಹಿಂದೆ ಅಂತ ಕೇಳಬೇಡಿ, ನಿಮ್ಮಜ್ಜಿಯ ಅಜ್ಜಿ ಇನ್ನೂ ತೊಟ್ಟಿಲಲ್ಲಿದ್ಲು. ಒಂದು ಸೀಮೆ. ಆ ಸೀಮೆಯಲ್ಲೊಂದು ಊರು, ಊರಿಗೊಂದು ಕೆರೆ, ಕೆರೆ ಹಿಂದೆ ಒಂದು ಬೋಳುಗುಡ್ಡ. ಊರಿನ ಹೆಸರು ಹೇಳಲ್ಲ. ಆ ಊರಿನೋರು ಯಾರಾದ್ರೂ ಇಲ್ಲೇ ಕೂತಿದ್ರೆ ನಾಚಿಕೊಂಡಾರು.

ಕೆರೆಗೊಂದು ತೂಬಿತ್ತು. ತೂಬು ಗೊತ್ತಲ್ಲ? ಕೆರೆಯ ನೀರು ಗದ್ದೆಗೆ ಹೋಗೋ ಬಾಯಿ. ಆ ಬಾಯಿಗೆ ಒಂದು ಕಲ್ಲು. ಎಂಥಾ ಕಲ್ಲು! ಎರಡಾಳು ಉದ್ದ, ಒಂದಾಳು ಅಗಲ, ನಡುವೆ ದುಂಡಗೆ ಒಂದು ತೂತು, ತೂತಿಗೆ ಮರದ ಗೂಟ. ಗೂಟ ಎತ್ತಿದ್ರೆ ನೀರು ಹರೀತದೆ, ಇಳಿಸಿದ್ರೆ ನಿಲ್ತದೆ. ಯಾರು ಮಾಡಿದ್ದು? ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳಿದ್ರೆ ಈ ಕಥೆಯೇ ಇರ್ತಿರಲಿಲ್ಲ. ಊರಿನೋರು ಏನಂದ್ರು? ರಕ್ಕಸ ಮಾಡಿದ್ದು ಅಂದ್ರು.

ಸಾಕ್ಷಿ ಬೇಕಾ? ಗುಡ್ಡದ ಮೇಲೆ ಬಂಡೆಯಲ್ಲಿ ಹನ್ನೆರಡು ಗುಳಿ, ಸಾಲಾಗಿ. ಒಂದೊಂದೂ ನಾಲ್ಕು ಬೆರಳಗಲ. ಅದು ರಕ್ಕಸ ಗುಡ್ಡ ಕಚ್ಚಿದ ಗುರುತಂತೆ. ಕಚ್ಚಿದನಂತೆ, ತುಂಡು ಮುರಿದನಂತೆ, ನಾಲಿಗೆ ಚೂಪು ಮಾಡಿ ನಡುವೆ ತೂತು ಕೊರೆದನಂತೆ, ಥೂ ಅಂತ ಕೆರೆಗೆ ಉಗಿದನಂತೆ. ತೂಬಾಯ್ತು! ನಗಬೇಡಿ. ಆ ಊರಲ್ಲಿ ಹುಟ್ಟಿದ್ರೆ ನೀವೂ ಹಂಗೇ ಅಂತಿದ್ರಿ, ನಾನೂ ಅಂತಿದ್ದೆ.

ವರ್ಷವರ್ಷ ಹೊಸ ರಾಗಿ ಬಂದಾಗ ಊರಿಗೂರೇ ಗುಡ್ಡ ಹತ್ತೋದು. ಹನ್ನೆರಡು ಮುದ್ದೆ ಕಟ್ಟಿ, ಒಂದೊಂದು ಗುಳಿಗೆ ಒಂದೊಂದು ಮುದ್ದೆ ತುಂಬಿ, ಮೇಲೆ ತುಪ್ಪ ಬಿಟ್ಟು, "ನೀರು ಕೊಟ್ಟ ರಕ್ಕಸಪ್ಪಾ, ನಿನ್ನ ಹಲ್ಲು ಗಟ್ಟಿಯಾಗಿರಲಪ್ಪಾ" ಅಂತ ಕೈಮುಗಿಯೋದು. ಒಳ್ಳೆ ಜನ ಕಣ್ರವ್ವಾ. ಉಪಕಾರ ಮರೆಯೋರಲ್ಲ. ಯಾರ ಉಪಕಾರ ಅನ್ನೋದೊಂದು ಗೊತ್ತಿರಲಿಲ್ಲ, ಅಷ್ಟೆ.

ಹಿಂಗಿರುವಾಗ ಒಂದು ಬೆಳಗ್ಗೆ ತೂಬಿನ ಕಲ್ಲು ಫಟ್ ಅಂತ ಸೀಳಿಹೋಯ್ತು. ನೀರು ಗಳಗಳ ಹರೀತು. ಮಣ್ಣು ಹಾಕಿದ್ರು, ಕೊಚ್ಚಿಕೊಂಡು ಹೋಯ್ತು. ಹುಲ್ಲು ತುರುಕಿದ್ರು, ಕೊಚ್ಚಿಕೊಂಡು ಹೋಯ್ತು. ಯಾರದೋ ಹಳೇ ಮಂಚ ಅಡ್ಡ ಇಟ್ರು, ಅದೂ ತೇಲಿಕೊಂಡು ಪಕ್ಕದೂರಿಗೆ ಹೋಯ್ತು. ಕೆರೆಯ ಸೋಪಾನದಲ್ಲಿ ಆವತ್ತಿಗೆ ಒಂಬತ್ತು ಮೆಟ್ಟಿಲು ನೀರು. ದಿನಕ್ಕೊಂದು ಮೆಟ್ಟಿಲು ಇಳಿಯೋಕೆ ಶುರುವಾಯ್ತು. ಕೆರೆ ಬರಿದಾದ್ರೆ ಗದ್ದೆ ಮಾತಿರಲಿ, ಕುಡಿಯೋಕೂ ಬೇರೆ ನೀರಿಲ್ಲ. ಒಂಬತ್ತು ದಿನ ಆದ ಮೇಲೆ ಊರು ಬಿಟ್ಟು ಹೋಗೋದೇ.

ಊರಿನ ಯಜಮಾನ ಸಣ್ಣರಂಗೇಗೌಡ ತಲೆ ಮೇಲೆ ಕೈಹೊತ್ತು ಕೂತ. ಊರಿಗೆಲ್ಲ ಲೆಕ್ಕ ಹೇಳೋ ತಿಪ್ಪಾಜೋಯಿಸರನ್ನ ಕರೆಸಿದ. ಜೋಯಿಸರು ಗುಡ್ಡ ಹತ್ತಿ, ಗುಳಿಗೆ ಬೆರಳಿಟ್ಟು ಅಳೆದು, ನೆಲದ ಮೇಲೆ ಗೀಟೆಳೆದು ಹೇಳಿದ್ರು.

"ಹಲ್ಲು ನಾಲ್ಕು ಬೆರಳು. ಹಂಗಾದ್ರೆ ಬಾಯಿ ಇಷ್ಟು, ತಲೆ ಅಷ್ಟು, ಆಳು ಮೂರು ತೆಂಗಿನಮರದೆತ್ತರ. ಗೌಡಾ, ಇಂಥವನಿಗೆ ಹನ್ನೆರಡು ಮುದ್ದೆ ಎಲ್ಲಿ ಸಾಲ್ತದಯ್ಯಾ? ಹೊಟ್ಟೆ ತುಂಬಾ ಇಕ್ಕಿ ಕರೀರಿ. ಬಂದು ಹೊಸ ಕಲ್ಲು ಕಚ್ಚಿಕೊಡ್ತಾನೆ."

ಮೊದಲನೇ ದಿನ ಒಂದು ಗಾಡಿ ಮುದ್ದೆ ಏರಿಸಿದ್ರು. ರಕ್ಕಸ ಬಂದನಾ? ಬರಲಿಲ್ಲ. ಒಂದು ಮೆಟ್ಟಿಲು ಇಳೀತು. ಎರಡನೇ ದಿನ ಎರಡು ಗಾಡಿ ಅನ್ನ, ಸಾರು. ಬಂದನಾ? ಬರಲಿಲ್ಲ. ಇನ್ನೊಂದು ಮೆಟ್ಟಿಲು ಇಳೀತು. ಮೂರನೇ ದಿನ ಮೂರು ಗಾಡಿ ಹೋಳಿಗೆ. ಊರಿನ ಬೆಲ್ಲವೆಲ್ಲ ಮುಗೀತು. ಬಂದನಾ? ಕಾಗೆ ಬಂದವು. ಸುತ್ತ ಏಳೂರಿನ ಕಾಗೆ ಬಂದು ಹಾರೋಕಾಗದಷ್ಟು ತಿಂದವು. ಮತ್ತೊಂದು ಮೆಟ್ಟಿಲು ಇಳೀತು. ಉಳಿದದ್ದು ಆರು.

ಆವಾಗ ಬಂದ್ಲು ನೋಡಿ ಗಿರಿಯಕ್ಕ. ಕಲ್ಲುಕುಟಿಗರವಳು. ಗಂಡ ಸತ್ತ ಮೇಲೆ ಅವನ ಉಳಿ, ಸುತ್ತಿಗೆ ತಾನೇ ಹಿಡಿದವಳು. ಜೊತೆಗೆ ಮೈದುನ ಓಬಯ್ಯ, ಎರಡು ಕತ್ತೆ. ಊರೂರು ತಿರುಗಿ, ನುಣ್ಣಗಾದ ಬೀಸೋಕಲ್ಲಿಗೆ ಉಳಿ ಹೊಡೆದು ಮತ್ತೆ ತರಿ ಮಾಡಿಕೊಡೋದು ಅವರ ಕಸುಬು. ಊರೊಳಗೆ ಬೀಸೋ ಸದ್ದೇ ಇಲ್ಲ. ಎಲ್ಲಾ ಗುಡ್ಡದ ಮೇಲವ್ರೆ. ಇವಳೂ ಹತ್ತಿದ್ಲು. ಬಂಡೆ ನೋಡಿದ್ಲು. ಗುಳಿ ನೋಡಿದ್ಲು. ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

ಗೌಡನಿಗೆ ಉರಿದುಹೋಯ್ತು. "ಯಾಕಮ್ಮಾ ನಗ್ತೀಯ? ಊರು ಹಾಳಾಗ್ತಾ ಐತೆ."

"ತಪ್ಪಾಯ್ತು ಗೌಡ್ರೇ. ಜೋಯಿಸರನ್ನ ಒಂದು ಮಾತು ಕೇಳ್ಲಾ?"

"ಕೇಳು."

"ಬುದ್ದೀ, ನಿಮ್ಮ ಬಾಯಾಗಿನ ಹಲ್ಲು ಎಲ್ಲಾ ಒಂದೇ ಅಳತೆ ಅವಾ?"

ಜೋಯಿಸರು ನಾಲಿಗೆ ಆಡಿಸಿ ನೋಡಿಕೊಂಡ್ರು. "ಇಲ್ಲ. ಮುಂದಿನವು ಒಂಥರ, ದವಡೆಯವು ಒಂಥರ."

"ಈ ರಕ್ಕಸಂದು ಹನ್ನೆರಡೂ ಒಂದೇ ಅಳತೆ. ಇರ್ಲಿ. ನಿಮ್ಮ ಹಲ್ಲಿನ ಸಾಲು ನೆಟ್ಟಗೈತಾ, ಬಾಗೈತಾ?"

"ಬಾಗಿದೆ."

"ಇವನದು ದಾರ ಹಿಡಿದಂಗೆ ನೆಟ್ಟಗೈತೆ. ಅದೂ ಇರ್ಲಿ. ಮೇಲಿನ ಹಲ್ಲು ಇಲ್ಲಿ ಊರಿದ್ರೆ, ಕೆಳಗಿನ ಹಲ್ಲು ಎಲ್ಲಿ ಊರಿದವು ಬುದ್ದೀ?"

ಕೇಳಿದ್ರಾ? ಎಷ್ಟು ತಲೆಮಾರು ಆ ಗುಳಿಗೆ ಮುದ್ದೆ ತುಂಬಿದ್ರು, ಒಬ್ಬರಿಗಾದ್ರೂ ಈ ಮಾತು ಹೊಳೀತಾ? ಜೋಯಿಸರು ಬಂಡೆಗೆ ಒಂದು ಸುತ್ತು ಬಂದ್ರು. ಎರಡು ಸುತ್ತು ಬಂದ್ರು. ಮೂರನೇ ಸುತ್ತಿಗೆ ಪಂಚೆ ಎತ್ತಿಕಟ್ಟಿ, ಬಗ್ಗಿ ಬಂಡೆ ಅಡಿಗೂ ಇಣುಕಿದ್ರು. ಕೆಳಗಿನ ಹಲ್ಲಿನ ಗುರುತು ಎಲ್ಲೂ ಇರಲಿಲ್ಲ. ನೆಲದ ಮೇಲೆ ಎಳೆದಿದ್ದ ಗೀಟನ್ನ ತಾವೇ ಕಾಲಿಂದ ಅಳಿಸಿದ್ರು.

ಗೌಡ ಮುಖ ಕೆಂಪಗೆ ಮಾಡ್ಕೊಂಡ. "ಅಂದ್ರೆ ನಮ್ಮ ತಾತ ಮುತ್ತಾತ ಎಲ್ಲಾ ಸುಳ್ಳು ಹೇಳಿದ್ರು ಅಂತೀಯಾ?"

"ಅಯ್ಯೋ, ಸುಳ್ಳು ಯಾಕೆ ಹೇಳ್ತಾರೆ ಗೌಡ್ರೇ? ಅಷ್ಟು ದೊಡ್ಡ ಕಲ್ಲು ನೋಡಿ ಕೈಮುಗಿದ್ರು. ಕೈಮುಗಿಯೋದು ಸರಿಯೇ. ಇಲ್ಲಿ ಬನ್ನಿ."

ಸೊಂಟದಿಂದ ಉಳಿ ತೆಗೆದು, ಒಂದು ಗುಳಿಯಲ್ಲಿ ಒಣಗಿ ಅಂಟಿದ್ದ ಮುದ್ದೆಯನ್ನ ಕೆರೆದು ಹಾಕಿದ್ಲು. ಎಷ್ಟು ವರ್ಷದ ಮುದ್ದೆಯೋ, ಕಲ್ಲಾಗಿತ್ತು. ಅದರಡಿ ಗುಳಿಯ ಗೋಡೆ ತುಂಬಾ ಸಣ್ಣಸಣ್ಣ ಗೀರು. ಅದರ ಮೇಲೆ ತನ್ನ ಉಳಿಯ ತುದಿ ಇಟ್ಲು. ಗೀರಿಗೆ ಉಳಿ ಸರಿಯಾಗಿ ಕೂತ್ಕೊಂಡ್ತು.

ಆಮೇಲೆ ಎಲ್ಲರನ್ನೂ ಗುಡ್ಡದ ಹಿಂಬದಿಗೆ ಇಳಿಸಿದ್ಲು. ಅಲ್ಲೊಂದು ಕತ್ತಾಳೆ ಪೊದೆ. ಓಬಯ್ಯ ಕಡಿದ. ಒಳಗೆ ರಾಶಿರಾಶಿ ಕಲ್ಲಿನ ಚಕ್ಕೆ. ಚಕ್ಕೆ ನಡುವೆ ಮಲಗಿತ್ತು ಒಂದು ದೊಡ್ಡ ಚಪ್ಪಡಿ, ತೂಬಿನ ಕಲ್ಲಿನಂಥದ್ದೇ. ಆದ್ರೆ ತೂತು ಒಂದು ಪಕ್ಕಕ್ಕೆ ಸರಿದಿತ್ತು, ತೂತಿಂದ ಅಂಚಿನವರೆಗೆ ಸೀಳಿತ್ತು.

"ಇದು ಕೆಟ್ಟುಹೋದ ಕಲ್ಲು," ಅಂದ್ಲು ಗಿರಿಯಕ್ಕ. "ಕೊರೆಯೋವಾಗ ಕೈತಪ್ಪೈತೆ. ಇಷ್ಟು ಕೆಲಸ ಮಾಡಿ ಕೊನೇಲಿ ಹಿಂಗಾದಾಗ ಆ ಪುಣ್ಯಾತ್ಮ ಎಷ್ಟು ಸಂಕಟಪಟ್ನೋ! ನಂಗೆ ಗೊತ್ತು ಗೌಡ್ರೇ, ನಂಗೂ ಆಗೈತೆ. ಇಲ್ಲಿ ಯಾವ ರಕ್ಕಸನೂ ಇರ್ಲಿಲ್ಲ. ನಮ್ಮಂಥೋರು ಇದ್ರು."

ಗೌಡ ಆ ವಾರೆ ತೂತನ್ನ ಕೈಯಿಂದ ಸವರಿ ನೋಡಿದ. ಬಹಳ ಹೊತ್ತು ಸವರಿದ. ಮೂರು ಗಾಡಿ ಹೋಳಿಗೆ ನೆನಪಾಗಿತ್ತೋ ಏನೋ.

"ಹಂಗಾದ್ರೆ ಮೇಲಿನ ಆ ಹನ್ನೆರಡು ಗುಳಿ?" ಅಂತ ಜೋಯಿಸರು ಕೇಳಿದ್ರು.

"ಅದು ಅರ್ಧ ಮಾಡಿಟ್ಟ ಕೆಲಸ ಬುದ್ದೀ. ಗುಳಿಗೆ ಒಣಮರದ ಬೆಣೆ ಬಡಿಯೋದು, ನೀರು ಹುಯ್ಯೋದು. ನೀರು ಕುಡಿದು ಮರ ಉಬ್ಬುತ್ತೆ, ಉಬ್ಬಿದ ಮರ ಕಲ್ಲು ಸೀಳುತ್ತೆ. ಅವರು ಹನ್ನೆರಡು ಹೊಡೆದವ್ರೆ. ಇನ್ನು ನಾಕು ನಾನು ಹೊಡೀತೀನಿ. ಮೂರು ದಿನ ಕೊಡಿ, ನೀರು ಕೊಡಿ."

ನೀರು ಅಂದಿದ್ದೇ ತಡ, ಹೆಂಗಸರು ತಿರುಗಿಬಿದ್ರು. "ಇರೋ ನೀರು ಸೋರಿಹೋಗ್ತಾ ಐತೆ, ಉಳಿದದ್ದನ್ನ ಗುಡ್ಡಕ್ಕೆ ಹೊತ್ತು ಕಲ್ಲಿಗೆ ಹುಯ್ಬೇಕಾ? ನಮಗೇನು ತಲೆ ಕೆಟ್ಟೈತಾ?" ಗಂಡಸರು ಇನ್ನೂ ಒಂದು ಹೆಜ್ಜೆ ಮುಂದೆ. "ರಕ್ಕಸಪ್ಪನ ಹಲ್ಲಿಗೆ ಬೆಣೆ ಬಡಿದ್ರೆ ಅವನು ಸುಮ್ನಿರ್ತಾನಾ?" ಗೌಡ ಆ ಕಡೆ ನೋಡ್ತಾನೆ, ಈ ಕಡೆ ನೋಡ್ತಾನೆ. ಆವಾಗ ಊರಿಗೆಲ್ಲ ಹಿರಿಯಳಾದ ಹೊನ್ನಜ್ಜಿ ಎದ್ದು ನಿಂತ್ಲು. ನಡು ಬಗ್ಗಿದ ಮುದುಕಿ. ಇಳಿದುಹೋಗಿ, ಕೆರೆಯಿಂದ ಒಂದು ಚೆಂಬು ನೀರು ತಂದು, ಏದುಸಿರು ಬಿಡ್ತಾ ಬಂಡೆ ಮುಂದೆ ಇಟ್ಲು.

"ಬಾರದವನಿಗೆ ಮೂರು ದಿನ ಉಣ್ಣಿಸಿದ್ವಿ," ಅಂದ್ಲು. "ಬಂದವಳಿಗೆ ಮೂರು ದಿನ ನೀರು ಕೊಡೋಕಾಗಲ್ವೇನ್ರೋ?"

ಇನ್ನು ಯಾರು ಸುಮ್ಮನೆ ಕೂರ್ತಾರೆ? ಗುಡ್ಡದ ಬುಡದಿಂದ ನೆತ್ತಿವರೆಗೆ ಸಾಲು ನಿಂತ್ರು. ಕೊಡ ಕೈಯಿಂದ ಕೈಗೆ ಹತ್ತಿತು. ಗಿರಿಯಕ್ಕ, ಓಬಯ್ಯ ನಾಲ್ಕು ಗುಳಿ ಹೊಡೆದ್ರು. ಹದಿನಾರು ಬೆಣೆ ಬಡಿದ್ರು. ಮೊದಲನೇ ದಿನ ನೀರು ಹುಯ್ದರು, ಬಂಡೆ ಅಲ್ಲಾಡಲಿಲ್ಲ, ಐದು ಮೆಟ್ಟಿಲು ಉಳೀತು. ಎರಡನೇ ದಿನ ಹುಯ್ದರು, ಅಲ್ಲಾಡಲಿಲ್ಲ, ನಾಲ್ಕು ಉಳೀತು. ಕೆಲವರು ಗೊಣಗಿದ್ರು. ಗಿರಿಯಕ್ಕ ಬಂಡೆಗೆ ಕಿವಿಕೊಟ್ಟು, "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಅಂತಿದ್ಲು.

ಮೂರನೇ ದಿನ ನಡುಮಧ್ಯಾಹ್ನ. ಕೊಡ ಹೊತ್ತೋರು ನಿಂತಲ್ಲೇ ನಿಂತ್ರು. ಬಂಡೆ ಒಳಗಿಂದ ಕಟ್ ಅಂತು. ಮತ್ತೆ ಕಟ್. ಆಮೇಲೆ ಒಂದೇ ಸದ್ದು! ಹದಿನಾರು ಗುಳಿಯ ಉದ್ದಕ್ಕೂ, ದಾರ ಹಿಡಿದಂಗೆ, ಬಂಡೆ ಎರಡಾಯ್ತು.

ಜನ ಕೂಗಿಕೊಂಡ್ರು, ಕುಣಿದ್ರು. ಗಿರಿಯಕ್ಕ ಕುಣಿಯಲಿಲ್ಲ. ಆ ಹಳೇ ಹನ್ನೆರಡು ಗುಳಿಯ ಅಂಚಿಗೆ ಹಣೆ ಹಚ್ಚಿ ಅತ್ತಳು. "ಯಾರೋ ಏನೋ ನೀವು," ಅಂದ್ಲು. "ನಿಮ್ಮ ಕೈ ನಾನು ಹಿಡೀಲಿಲ್ಲ, ನಿಮ್ಮ ಮುಖ ನೋಡ್ಲಿಲ್ಲ. ನನ್ನ ಕೆಲಸದಾಗೆ ಮುಕ್ಕಾಲು ನೀವೇ ಮಾಡಿಟ್ಟು ಹೋದ್ರಿ." ಅದನ್ನ ಕೇಳಿ ಜೋಯಿಸರೂ ಕಣ್ಣೊರೆಸಿಕೊಂಡ್ರು. ನಾನೂ ಒಂದು ಗುಟುಕು ನೀರು ಕುಡೀತೀನಿ. ಸ್ವಲ್ಪ ತಾಳಿ.

ಹೂಂ. ಆಮೇಲೆ ಎರಡು ದಿನ ಕೊರೆದ್ರು, ಈ ಸಲ ತೂತು ನಟ್ಟನಡುವೆ ಬಂತು. ಮರದ ದಿಮ್ಮಿ ಮೇಲೆ ಉರುಳಿಸಿಕೊಂಡು ಊರೆಲ್ಲ ಎಳೀತು. ಒಂದೇ ಮೆಟ್ಟಿಲು ನೀರಿದ್ದಾಗ ಕಲ್ಲನ್ನ ತೂಬಿನ ಬಾಯಿಗೆ ಕೂರಿಸಿ, ಗೂಟ ಇಳಿಸಿದ್ರು. ಗಳಗಳ ನಿಲ್ತು. ಊರು ಉಳೀತು.

ಕಥೆ ಮುಗೀತು ಅಂದ್ಕೊಂಡ್ರಾ? ಇಲ್ಲ, ಕೇಳಿ. ಮಾರನೇ ದಿನ ಗಿರಿಯಕ್ಕ ಕತ್ತೆ ಮೇಲೆ ಗಂಟು ಕಟ್ತಾ ಅವಳೆ, ಊರಿನೋರು ಅರಿಶಿನ ಕುಂಕುಮ, ತೆಂಗಿನಕಾಯಿ, ಕರ್ಪೂರ ಹಿಡ್ಕೊಂಡು ಬಂದ್ರು. ಗೌಡ ಅಡ್ಡಬಿದ್ದ. "ತಾಯೀ, ನೀನು ಮನುಷ್ಯಳಲ್ಲ! ಬರೀ ನೀರಲ್ಲಿ ಬಂಡೆ ಸೀಳಿದವಳು! ಗುಡ್ಡದ ಮೇಲೆ ಗುಡಿ ಕಟ್ತೀವಿ, ಹದಿನಾರು ಮುದ್ದೆ ಇಕ್ತೀವಿ!"

ನೋಡಿದ್ರಾ ಇವರ ಬುದ್ಧಿ? ಒಬ್ಬ ರಕ್ಕಸನ್ನ ಇಳಿಸಿ ಒಂದು ವಾರ ಆಗಿಲ್ಲ!

ಗಿರಿಯಕ್ಕನಿಗೆ ಸಿಟ್ಟು ಬಂತು. ಎರಡೂ ಅಂಗೈ ಗೌಡನ ಮೂಗಿನ ಹತ್ತಿರ ಚಾಚಿದ್ಲು. ಅಂಗೈ ತುಂಬಾ ಬೊಬ್ಬೆ, ಕೆಲವು ಒಡೆದು ಕೆಂಪಗಾಗಿದ್ವು. "ದೇವರಿಗೆ ಬೊಬ್ಬೆ ಬರ್ತದಾ ಗೌಡ್ರೇ? ಏಳಿ ಮೇಲೆ. ನಿಮ್ಮ ಕೈ ತೋರಿಸಿ. ಹೊನ್ನಜ್ಜೀ, ನಿನ್ನ ಕೈ ತೋರ್ಸು." ಎಲ್ಲರೂ ಕೈ ಚಾಚಿದ್ರು. ಎಲ್ಲರ ಕೈಯಲ್ಲೂ ಬೊಬ್ಬೆ ಇತ್ತು, ಕೊಡ ಹೊತ್ತದ್ದು, ಹಗ್ಗ ಎಳೆದದ್ದು. ಜೋಯಿಸರ ಮೆತ್ತಗಿನ ಕೈಯಲ್ಲೂ ಎರಡಿದ್ವು. ಅವರೇ ಎಲ್ಲರಿಗಿಂತ ಹೆಮ್ಮೆಯಿಂದ ತೋರಿಸಿದ್ರು.

"ನಿಮ್ಮ ಹೊಟ್ಟೆ ತಣ್ಣಗಿರಲಿ, ಗುಡಿ ಬ್ಯಾಡ," ಅಂದ್ಲು. "ನಿಮ್ಮ ಮೊಮ್ಮಕ್ಕಳು ಈ ಕಲ್ಲು ಯಾರು ಮಾಡಿದ್ದು ಅಂತ ಕೇಳ್ತಾರೆ. ಆವಾಗ ನಮ್ಮನ್ನ ರಕ್ಕಸರು ಮಾಡಬ್ಯಾಡಿ, ದೇವರೂ ಮಾಡಬ್ಯಾಡಿ. ಇಂತಿಂಥೋರು ಮಾಡಿದ್ರು, ಕೈ ನೊಂದಿತ್ತು, ಹಸಿವಾಗಿತ್ತು, ನಾವೂ ನೀರು ಹೊತ್ವಿ ಅಂತ ಹೇಳಿ. ನಂಗೆ ಅದೇ ಕೂಲಿ."

ಅಷ್ಟಂದು ಕತ್ತೆ ಹೊಡ್ಕೊಂಡು ಹೋದ್ಲು.

ಆವತ್ತಿನಿಂದ ಆ ಊರಲ್ಲಿ ಹೊಸ ರಾಗಿ ಬಂದಾಗ ಹನ್ನೆರಡು ಮುದ್ದೆ ಊರಿಗೆ ಬಂದ ಕಸುಬಿನೋರ ಎಲೆಗೆ ಬೀಳ್ತದೆ, ಬಿಸಿಬಿಸಿ, ತುಪ್ಪದ ಸಮೇತ. ಉಂಡ ಮೇಲೆ ಒಬ್ಬರು ಎದ್ದು ಗಿರಿಯಕ್ಕನ ಕೂಲಿ ಕೊಡಬೇಕು. ನಾನೂ ಈಗ ಕೊಡ್ತೀನಿ, ಎಲ್ಲರೂ ಕೈಮುಗೀರಿ. ಹನ್ನೆರಡು ಗುಳಿ ಹೊಡೆದ, ಹೆಸರು ಗೊತ್ತಿಲ್ಲದ ಅಣ್ಣಂದಿರು, ಅಕ್ಕಂದಿರು. ವಾರೆ ತೂತು ಕೊರೆದು ನೊಂದುಕೊಂಡ ಆ ಪುಣ್ಯಾತ್ಮ. ನಾಲ್ಕು ಗುಳಿ ಹೊಡೆದ ಗಿರಿಯಕ್ಕ, ಓಬಯ್ಯ. ಮೊದಲ ಚೆಂಬು ಹೊತ್ತ ಹೊನ್ನಜ್ಜಿ. ಹಗ್ಗ ಎಳೆದ ಸಣ್ಣರಂಗೇಗೌಡ. ತನ್ನ ಲೆಕ್ಕ ತಾನೇ ಅಳಿಸಿದ ತಿಪ್ಪಾಜೋಯಿಸ.

ಕೂಲಿ ಸಂದಾಯವಾಯ್ತು. ಕಥೆ ನನ್ನ ಬಾಯಿಂದ ಇಳೀತು, ನಿಮ್ಮ ತಲೆಗೇರಿತು. ಏಳಿ, ಮನೆಗೆ ಹೋಗಿ, ಮಕ್ಕಳು ಕಾಯ್ತಿರ್ತಾರೆ, ಹೆಸರು ಬಿಡದಂಗೆ ಹೇಳಿ.